ಕುಲಕರ್ಣಿ ಸರ್ ಅವರ ಎರಡು ಮುಷ್ಟಿ

ಎರಡೂ ಮುಷ್ಟಿ ಎತ್ತಿ ಹಿಡಿಯದೆ ಕುಲಕರ್ಣಿ ಸರ್ ಮನುಷ್ಯಸ್ವಭಾವದ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಬಲಮುಷ್ಟಿ ಬಹುಮಾನ, ಎಡಮುಷ್ಟಿ ಶಿಕ್ಷೆ. "ಮನಷ್ಯಾ ಅಂದ್ರ ಲಾಭಕ್ಕ ಓಡಾಂವ, ಪೆಟ್ಟಿಗೆ ಅಂಜಾಂವ. ನಡುವ ಪ್ರೀತಿ-ಗೀತಿ ಏನಿಲ್ರೀ," ಎನ್ನುವರು. ಇದು ಅವರ ಸ್ವಂತ ಸಂಶೋಧನೆಯಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಚೀನಾದ ದಂಡನೀತಿಯ ಪಂಡಿತರು ಕಂಡುಕೊಂಡದ್ದು. ಸರ್ ಅದನ್ನು ಅಮೆರಿಕದ ಡಲ್ಲಾಸಿನ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ಪಾಠ ಮಾಡಿದರು. ಆಮೇಲೆ, ವಿದ್ಯಾರ್ಥಿಗಳು ಕೈತಪ್ಪಿದ್ದರಿಂದ, ಡಲ್ಲಾಸಿಗೆ ಹೊಂದಿಕೊಂಡ ನಮ್ಮೂರು ಅಲೆನ್‌ನ ಕನ್ನಡಿಗರ ಮೇಲೆ ಪ್ರಯೋಗಿಸಿದರು.

ನಮ್ಮಲ್ಲೊಂದು ಪದ್ಧತಿ: ಯಾರ ಮನೆಯಲ್ಲಾದರೂ ಬಾಣಂತನವೋ ಆಪರೇಷನ್ನೋ ಆದರೆ ಉಳಿದವರು ಊಟ ಒಯ್ಯುವುದು. ಪ್ರೀತಿಯಿಂದ ನಡೆಯುತ್ತಿತ್ತು. ಎಂದರೆ, ಒಂದೇ ದಿನ ನಾಲ್ಕು ಮನೆಯ ಬಿಸಿಬೇಳೆಬಾತ್, ಮರುದಿನ ಉಪವಾಸ. ಬಂದವರು ಹರಟುತ್ತ ಕೂತು, ರೋಗಿಗೆ ಸುಸ್ತು ಮಾಡಿಯೇ ಏಳುತ್ತಿದ್ದರು.

ಸರ್ ಶಾಸನ ತಂದರು. ವಾಟ್ಸ್ಯಾಪಿನಲ್ಲಿ ಪಾಳಿ. ಬಾಗಿಲಲ್ಲಿ ಡಬ್ಬಿ ಇಟ್ಟ ಫೋಟೋ ಹಾಕಿದವರಿಗೆ ರಾಜ್ಯೋತ್ಸವದಲ್ಲಿ ಮುಂದಿನ ಸಾಲಿನ ಕುರ್ಚಿ. ತಪ್ಪಿಸಿದವರಿಗೆ ಹಿಂದೆ, ಸ್ಪೀಕರ್ ಪಕ್ಕ. ಆಮೇಲೆ ಒಂದು ಡಬ್ಬಿಯೂ ತಪ್ಪಲಿಲ್ಲ.

ಒಮ್ಮೆ ಮೈಸೂರಿನ ಗೀತಾ ಆಂಟಿ, ಪಾಳಿ ತಮ್ಮದಲ್ಲದಿದ್ದರೂ, ಜ್ವರದಲ್ಲಿದ್ದ ಪಕ್ಕದ ಮನೆಯಾಕೆಗೆ ಮೆಣಸಿನ ಸಾರು ಕೊಟ್ಟುಬಂದರು. ಸರ್ ಆಂಟಿಯ ಮುಂದಿನ ಸಾಲಿನ ಕುರ್ಚಿ ಕಿತ್ತುಕೊಂಡರು.

"ಸಾರು ಕೊಟ್ಟಿದ್ದಕ್ಕೂ ಶಿಕ್ಷೇನಾ ಸರ್?" ಎಂದರು ಆಂಟಿ.

"ಕೇಳ್ರಿಲ್ಲೆ. ಕುಡಿದು ಮಲಗಿದ ಅರಸಗ ಚಳಿ ಆಗ್ತದಂತ ಕಿರೀಟ ಕಾಯಾಂವ ಹೊದಿಸಿದಾ. ಅರಸ ಎದ್ದು, ಹೊದಿಕಿ ಕಾಯಾಂವಗೂ ಶಿಕ್ಷಾ ಕೊಟ್ಟಾ, ಇವಗೂ ಕೊಟ್ಟಾ. ಯಾಕಂದ್ರ, ಅಂವ ತನ್ನ ಕೆಲಸ ಬಿಟ್ಟಿದ್ದ, ಇಂವ ತನ್ನದಲ್ಲದ ಕೆಲಸಕ್ಕ ಕೈ ಹಾಕಿದ್ದ."

"ಆಮೇಲೆ ಆ ರಾಜಂಗೆ ಚಳಿ ಆದಾಗ ಯಾರು ಹೊದಿಸಿದ್ರು?"

ಪಂಡಿತರು ಅಲ್ಲಿಯವರೆಗೆ ಬರೆದಿರಲಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಸರ್ ಬಿದ್ದು ಸೊಂಟ ಮುರಿದುಕೊಂಡರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದ ಮನೆ. ಪಾಳಿ ಗಡಿಯಾರದಂತೆ ನಡೆಯಿತು: ಬೆಲ್, ಡಬ್ಬಿ, ಫೋಟೋ, ಕಾರು. ಗೀತಾ ಆಂಟಿಯೂ ತಮ್ಮ ದಿನ ಬಂದು ಬೆಲ್ ಒತ್ತಿ ಹೋದರು. ಸರ್ ವಾಕರ್ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಕಾಣಸಿಗುತ್ತಿದ್ದುದು ತಿರುವಿನಲ್ಲಿ ಕಾರಿನ ಕೆಂಪು ದೀಪ ಮಾತ್ರ.

ನಾನೊಂದು ಸಂಜೆ ಬರಿಗೈಯಲ್ಲಿ ಹೋದೆ.

"ಇವತ್ತ ನಿಮ್ಮ ಪಾಳಿ ಅದ ಏನ್ರೀ?"

"ಇಲ್ಲ ಸರ್, ಸುಮ್ನೆ ಬಂದೆ."

"ಪಾಳಿ ಇಲ್ಲದ ಬರೋದು ಅಪರಾಧ." ವಾಕರಿನಿಂದ ಎಡಗೈ ಬಿಡಿಸಿ ಮುಷ್ಟಿ ಎತ್ತಿದರು, ಅದು ಎದೆಯ ಮಟ್ಟಕ್ಕೇ ನಿಂತಿತು. "ಶಿಕ್ಷಾ ಅದ. ಕೂಡ್ರಿ."

ಕೂತೆ. ಮೇಜಿನ ಮೇಲೆ ಮುಚ್ಚಳ ತೆಗೆಯದ ಡಬ್ಬಿಗಳು ಸಾಲಾಗಿದ್ದವು.

"ವ್ಯವಸ್ಥಾ ಭಾಳ ಛಲೋ ನಡದದ," ಎಂದರು, ಅವುಗಳ ಕಡೆ ನೋಡದೆ. "ಒಬ್ರೂ ತಪ್ಪಸಂಗಿಲ್ಲ."

ಏಳಹೋದಾಗಲೆಲ್ಲ, "ಶಿಕ್ಷಾ ಇನ್ನೂ ಮುಗದಿಲ್ಲ," ಎಂದು ಕೂರಿಸಿದರು.

ಮುಂದಿನ ವಾರ ನ್ಯುಮೋನಿಯಾದಲ್ಲಿ ಹೋಗಿಬಿಟ್ಟರು. ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರೂ ಕೈಮುಗಿದರು. ಆದರೆ ಪಾಳಿ ನಿಲ್ಲಿಸುವ ಅಧಿಕಾರ ಶಾಸನದ ಪ್ರಕಾರ ಇದ್ದದ್ದು ಸರ್ ಒಬ್ಬರಿಗೇ. ರಾಜ್ಯೋತ್ಸವವೂ ಹತ್ತಿರವಿತ್ತು. ಮರುದಿನ ಸಂಜೆ, ಬೀಗ ಹಾಕಿದ ಬಾಗಿಲ ಮುಂದೆ ಇಟ್ಟ ಡಬ್ಬಿಯ ಫೋಟೋ ಬಂತು. ಚಿತ್ರಾನ್ನ. ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು.