ಕೆಳಸಾಲಿನ ಮೊಳೆ

ಅವರ ಕತ್ತು ಯಾವಾಗಲೂ ಎಡಕ್ಕೆ ವಾಲಿಕೊಂಡೇ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ಭದ್ರಾವತಿಯ ಕಾರ್ಖಾನೆಯ ಗೇಟಿನಲ್ಲಿ ಅವರು ಟೈಂಕೀಪರ್. ಒಳಗೆ ಹೋಗುವ ಪ್ರತಿಯೊಬ್ಬ ಕೆಲಸಗಾರನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅವರ ಕಿಟಕಿಯೊಳಗೆ ಹಾಕಬೇಕು. ಆ ಕಿಟಕಿಯೋ, ಯಾವ ಪುಣ್ಯಾತ್ಮ ಇಡಿಸಿದ್ದನೋ, ಮನುಷ್ಯರ ಎದೆಮಟ್ಟಕ್ಕಿತ್ತು. ಬಿಲ್ಲೆ ಹಾಕಿದವನ ಮುಖ ಕಾಣಬೇಕೆಂದರೆ ಒಳಗೆ ಕೂತವರು ಕತ್ತು ಓರೆ ಮಾಡಿ ಮೇಲೆ ನೋಡಬೇಕು. ಬೇರೆ ಟೈಂಕೀಪರುಗಳು ಬಿಲ್ಲೆಯನ್ನಷ್ಟೇ ನೋಡುತ್ತಿದ್ದರು. ಇವರು ಮುಖ ನೋಡುತ್ತಿದ್ದರು. ಇಪ್ಪತ್ತು ವರ್ಷ ಹಾಗೆ ನೋಡಿ ನೋಡಿ ಕತ್ತು ಅಲ್ಲೇ ನಿಂತುಬಿಟ್ಟಿತ್ತು.

ನಾವು ಹುಡುಗಿಯರು ಅವರನ್ನು ಬಿಲ್ಲೆ ಮಾಮ ಅನ್ನುತ್ತಿದ್ದೆವು. ಐವತ್ತರ ದಶಕದ ಕೊನೆಯ ಮಾತು. ನಮ್ಮ ಶಾಲೆಯ ಡ್ರಿಲ್ ಮಾಸ್ತರಿಗೆ ಗಂಡುಹುಡುಗರನ್ನು ಆಡಿಸುವುದರಲ್ಲೇ ಸಾಕುಬೇಕಾಗುತ್ತಿತ್ತು. ಹುಡುಗಿಯರಿಗೆ ಖೋಖೋ ಹೇಳಿಕೊಡುವವರು ಯಾರೂ ಇರಲಿಲ್ಲ. ಟೈಂಕೀಪರರ ಕ್ವಾರ್ಟರ್ಸು ಮೈದಾನಕ್ಕೆ ಮುಖ ಮಾಡಿಕೊಂಡೇ ಇತ್ತು. ಚಿಕ್ಕಂದಿನಲ್ಲಿ ಅವರು ಒಳ್ಳೆಯ ಆಟಗಾರರಂತೆ. ಹೆಡ್‌ಮಿಸ್ಟ್ರೆಸ್ ಕೇಳಿದ್ದಕ್ಕೆ ಒಪ್ಪಿಕೊಂಡರು. ಗಂಡಸಿನ ಕೈಲಿ ಹೆಣ್ಣುಮಕ್ಕಳು ಆಟ ಕಲಿಯೋದೇ ಅಂತ ಓಲ್ಡ್ ಟೌನಿನ ನಮ್ಮ ಅಮ್ಮಂದಿರು ಮೂಗು ಮುರಿದರು. ಆಗ ಮಾಮನ ಹೆಂಡತಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಜಗಲಿಯ ಮೇಲೆ ಬಂದು ಕೂತರು. ನಾವು ಆಡುವಷ್ಟು ಹೊತ್ತೂ ಕಲ್ಲು ಆರಿಸುತ್ತಲೇ ಇದ್ದರು. ಅಷ್ಟು ಕಲ್ಲಿದ್ದ ಅಕ್ಕಿ ಭೂಮಿ ಮೇಲೆ ಇರಲಿಕ್ಕಿಲ್ಲ, ಆದರೆ ಅಮ್ಮಂದಿರ ಬಾಯಿ ಮುಚ್ಚಿತು.

ನಾವು ಹನ್ನೆರಡು ಜನ. ಆಡುವವರು ಒಂಬತ್ತು. ಉಳಿದ ಮೂವರು ಕೂರಬೇಕು. ಯಾರು ಆಡಬೇಕು, ಯಾರು ಕೂರಬೇಕು? ಬೇರೆ ಶಾಲೆಗಳಲ್ಲಿ ಚೆನ್ನಾಗಿ ಓಡುವವರು ಆಡುತ್ತಿದ್ದರು, ಉಳಿದವರು ಚೀಲ ಕಾಯುತ್ತಿದ್ದರು. ಬಿಲ್ಲೆ ಮಾಮನ ಹತ್ತಿರ ಆ ಲೆಕ್ಕವೇ ಇಲ್ಲ. ಒಂದು ಹಲಗೆ ತಂದರು. ಅದಕ್ಕೆ ನಾಲ್ಕು ಸಾಲು, ಸಾಲಿಗೆ ಮೂರು ಮೊಳೆ ಹೊಡೆದರು. ತಗಡಿನ ಹನ್ನೆರಡು ಬಿಲ್ಲೆ ಕತ್ತರಿಸಿ, ಒಂದೊಂದಕ್ಕೂ ನಂಬರು ಕೊರೆದು, ನಮಗೆ ಹಂಚಿದರು. ಮೇಲಿನ ಮೂರು ಸಾಲಿನಲ್ಲಿ ಬಿಲ್ಲೆ ಇದ್ದವರು ಆಡಬೇಕು. ಕೆಳಸಾಲಿನವರಿಗೆ ರಜಾ. ಒಂದು ಪಂದ್ಯ ಮುಗಿದ ಕೂಡಲೇ ಎಲ್ಲ ಸಾಲೂ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತದೆ, ಕೆಳಗಿನ ಸಾಲು ಎದ್ದು ಮೇಲಕ್ಕೆ ಹೋಗುತ್ತದೆ. ಕಾರ್ಖಾನೆಯ ಪಾಳಿ ಬದಲಾದ ಹಾಗೆಯೇ.

"ಚೆನ್ನಾಗಿ ಆಡೋರು ಜಾಸ್ತಿ ಆಡಬೇಕಲ್ವಾ ಮಾಮ?" ಅಂತ ನಾನು ಮೊದಲ ದಿನವೇ ಕೇಳಿದ್ದೆ. ನಾನಲ್ಲದೆ ಇನ್ಯಾರು ಕೇಳಬೇಕು! ತಂಡದಲ್ಲಿ ನನ್ನಷ್ಟು ಓಡುವವಳು ಇರಲಿಲ್ಲ, ನನ್ನಷ್ಟು ಮಾತಾಡುವವಳೂ ಇರಲಿಲ್ಲ.

"ಕೂತೇ ಇದ್ರೆ ಯಾರಿಗೂ ಆಟ ಬರಲ್ಲ ಮಾರಾಯ್ತಿ," ಅಂದರು. "ಓಡ್ತಾನೇ ಇದ್ರೆ ಯಾರಿಗೂ ಕಣ್ಣು ಕಾಣಲ್ಲ."

ಕೂತವರನ್ನು ಸುಮ್ಮನೆ ಕೂರಲು ಅವರು ಬಿಡುತ್ತಿರಲಿಲ್ಲ. ಒಬ್ಬಳು ಹೊತ್ತು ಎಣಿಸಬೇಕು. ಒಬ್ಬಳು ಎದುರು ತಂಡದವರ ಪಾದ ನೋಡಿ, ಯಾವಳು ಯಾವ ಕಡೆ ತಿರುಗುತ್ತಾಳೆ ಅಂತ ಕೂಗಿ ಹೇಳಬೇಕು. ಮತ್ತೊಬ್ಬಳು ನೀರು ಕೊಡಬೇಕು. "ಕೂತವಳ ಕಣ್ಣು ಓಡಬೇಕು" ಅನ್ನುವುದು ಅವರ ಮಾತು. ನನಗೋ, ಕೆಳಸಾಲಿನ ಮೊಳೆಯಲ್ಲಿ ನನ್ನ ಏಳನೇ ನಂಬರು ನೇತಾಡುವುದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲಿ ಮುಖ ಊದಿಸಿಕೊಂಡು ಕೂತರೆ ಅಮ್ಮ, "ನಿನ್ನ ಕೋಳಿ ಕೂಗದಿದ್ರೆ ಅವರಿಗೆ ಬೆಳಗಾಗಲ್ವೇನೇ?" ಅಂತ ಹಂಗಿಸುತ್ತಿದ್ದರು.

ಆ ವರ್ಷ ಶಿವಮೊಗ್ಗದಲ್ಲಿ ಶಾಲೆಗಳ ಪಂದ್ಯ ನಡೆಯಿತು. ಮೊದಲನೆಯದು ಗೆದ್ದೆವು. ಎರಡನೆಯದೂ ಗೆದ್ದೆವು. ಮೂರನೆಯದನ್ನು ನಾನು ಕಂಬದ ಸುತ್ತ ಸುತ್ತಿ ಸುತ್ತಿ ಗೆಲ್ಲಿಸಿಕೊಟ್ಟೆ. ಅಪ್ಪ ಓಲ್ಡ್ ಟೌನಿನ ತಮ್ಮ ದಿನಸಿ ಅಂಗಡಿಯಲ್ಲಿ ಬಂದ ಗಿರಾಕಿಗಳಿಗೆಲ್ಲ ಕಲ್ಲುಸಕ್ಕರೆ ಹಂಚಿದರು. ಆಮೇಲೆ ಹಲಗೆ ನೋಡುತ್ತೇನೆ, ನನ್ನ ಸಾಲು ಇಳಿಯುತ್ತಾ ಇಳಿಯುತ್ತಾ ಬಂದು ಕೆಳಗೆ ನಿಂತಿದೆ. ನಾಲ್ಕನೇ ಪಂದ್ಯಕ್ಕೆ ನನಗೆ ರಜಾ. ನಾಲ್ಕನೆಯದೇ ಫೈನಲ್! ನಾವು ಅಲ್ಲಿಯವರೆಗೆ ಬರುತ್ತೇವೆ ಅಂತ ಯಾರ ತಲೆಯಲ್ಲಿ ಇತ್ತು?

ಫೈನಲ್ಲಿಗಾದರೂ ಬದಲಾಯಿಸುತ್ತಾರೆ ಅಂದುಕೊಂಡೆ. ಬೆಳಗ್ಗೆ ಶಿವಮೊಗ್ಗದ ರೈಲು ಹತ್ತುವಾಗಲೂ ಹಲಗೆ ಹಾಗೇ ಇತ್ತು. ಮಾಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಕತ್ತು ವಾಲಿಸಿಕೊಂಡು, ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಹೆಡ್‌ಮಿಸ್ಟ್ರೆಸ್ಸೇ ಹತ್ತಿರ ಹೋಗಿ, "ಇವತ್ತೊಂದು ದಿನ ಅವಳನ್ನ ಆಡಿಸಿಬಿಡಿ" ಅಂದದ್ದು ನನ್ನ ಕಿವಿಗೆ ಬಿತ್ತು. "ಇವತ್ತೊಂದು ದಿನ ಅಂತ ಬದಲಾಯಿಸಿದ್ರೆ, ನಾಳೆಯಿಂದ ಇದು ಬರೀ ಹಲಗೆ ಮೇಡಂ" ಅಂದರು.

ಮೈದಾನದಲ್ಲಿ ಹಲಗೆಯನ್ನು ಹೊಂಗೆ ಮರಕ್ಕೆ ಒರಗಿಸಿ ಅವರು ಪಂದ್ಯ ನಡೆಸುವವರನ್ನು ಮಾತಾಡಿಸಲು ಹೋದರು. ಹುಡುಗಿಯರು ನೀರು ತುಂಬಲು ಹೋದರು. ನಾನು ಒಬ್ಬಳೇ ಉಳಿದೆ. ಮೂರನೇ ಸಾಲಿನ ಕೊನೆಯಲ್ಲಿ ಹನ್ನೊಂದನೇ ನಂಬರು, ಸೆಲ್ವಿಯದು. ಅವಳ ಅಪ್ಪ ಕಾರ್ಖಾನೆಯಲ್ಲಿ ಎರಕ ಹೊಯ್ಯುವವರು; ಮನೆಯಲ್ಲಿ ತಮಿಳು ಮಾತು. ಸೆಲ್ವಿ ಓಡಿದರೆ ಎಮ್ಮೆ ಹೊಳೆ ದಾಟಿದ ಹಾಗಿರುತ್ತಿತ್ತು. ಇವಳು ಆಡಿ ನಾನು ಕೂರುವುದೇ? ಕೈ ತಾನೇ ಹೋಯಿತು. ಏಳನ್ನು ಹನ್ನೊಂದರ ಮೊಳೆಗೆ, ಹನ್ನೊಂದನ್ನು ಕೆಳಸಾಲಿಗೆ. ಕೊನೇ ಗಳಿಗೆಯಲ್ಲಿ ಮಾಮ ತಾವೇ ಮನಸ್ಸು ಬದಲಾಯಿಸಿದರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಮಾಮ ಗಡಿಬಿಡಿಯಲ್ಲಿ ಹಾಗೇ ಬರೆದುಕೊಳ್ಳುತ್ತಾರೆ ಅಂತ ನನ್ನ ಎಣಿಕೆ. ಸಾವಿರಾರು ಜನರ ಬಿಲ್ಲೆ ನೋಡುವವರಿಗೆ ಹನ್ನೆರಡು ಬಿಲ್ಲೆ ಗೊತ್ತಾಗುವುದಿಲ್ಲ ಅಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು!

ಹೆಸರು ಬರೆದುಕೊಳ್ಳಲು ಬಂದ ಮಾಮ ಹಲಗೆ ನೋಡಿದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದವರು ಮತ್ತೆ ಕಿವಿಗೇ ಸಿಕ್ಕಿಸಿದರು. "ಎಲ್ಲರೂ ಕೈಕಾಲು ತೊಳ್ಕೊಂಡು ಬನ್ನಿ. ಏಳನೇ ನಂಬರು, ನೀನಿರು."

ಎಲ್ಲರೂ ಹೋದರು.

"ಗೇಟಿನ ಹತ್ರ ನಿಂತಿದಾರೆ ನೋಡು, ಸೆಲ್ವಿ ಅಪ್ಪ," ಅಂದರು. ನೋಡಿದೆ. ಖಾಕಿ ಬಟ್ಟೆ, ಮುಖದ ಮೇಲೆ ಮಸಿ. "ನೈಟ್ ಪಾಳಿ ಮುಗಿಸಿ ಮನೆಗೂ ಹೋಗದೆ ನಮ್ ರೈಲೇ ಹತ್ತಿದ್ರು. ಪರೀಕ್ಷೆ ಮುಗಿದ ಮೇಲೆ ಮಗಳನ್ನ ಸೇಲಂ ಕಡೆ ಅವಳ ಮಾವನ ಮನೆಗೆ ಕಳಿಸ್ತಾರಂತೆ. ಮದುವೆ ಮಾತಾಗಿದೆ. ಅವಳು ಆಡೋದನ್ನ ಒಂದು ಸಲಾನೂ ನೋಡಿಲ್ಲ ಪಾಪ."

ನಾನು ನೆಲ ನೋಡಿದೆ.

"ಕಾರ್ಖಾನೆ ಗೇಟಲ್ಲಿ ಒಬ್ಬರ ಬಿಲ್ಲೆ ಇನ್ನೊಬ್ಬರು ಹಾಕಿದ್ರೆ ನಾನೇನ್ ಮಾಡ್ತೀನಿ ಗೊತ್ತಾ?"

"ರಿಪೋರ್ಟ್ ಮಾಡ್ತೀರ."

"ಎರಡನೇ ಸಲ ಮಾಡ್ತೀನಿ. ಮೊದಲನೇ ಸಲ ನೀರು ಕುಡಿಯೋಕೆ ಎದ್ದು ಹೋಗ್ತೀನಿ. ನಾನು ವಾಪಸ್ ಬರೋ ಹೊತ್ತಿಗೆ ಹಾಕಿದವರೇ ಬಿಲ್ಲೆ ತೆಗೆದುಕೊಂಡಿರ್ತಾರೆ. ಮನುಷ್ಯನಿಗೆ ಒಂದು ಲೋಟ ನೀರಿನಷ್ಟಾದ್ರೂ ಹೊತ್ತು ಕೊಡಬೇಕು ಕಣಮ್ಮ." ಇಷ್ಟು ಹೇಳಿ, ಮೈದಾನದ ಪಕ್ಕದ ಶಾಲೆಯ ಜಗಲಿಯ ಮೇಲಿದ್ದ ನೀರಿನ ಮಡಕೆಯ ಕಡೆ ಹೊರಟೇಬಿಟ್ಟರು. ಹಿಂದೆ ತಿರುಗಿ ಒಂದು ಸಲವೂ ನೋಡಲಿಲ್ಲ.

ಅವತ್ತು ನನಗೆ ಪಶ್ಚಾತ್ತಾಪ ಉಕ್ಕಿ ಬಂತು ಅಂದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಿಟ್ಟು. ಬೈದಿದ್ದರೆ ನಾನೂ ತಿರುಗಿ ಬೀಳುತ್ತಿದ್ದೆ, ಜಗಳವಾಡುತ್ತಿದ್ದೆ. ಹೀಗೆ ಬೆನ್ನು ತಿರುಗಿಸಿ ಹೋದರೆ ಯಾರ ಜೊತೆ ಜಗಳವಾಡುವುದು? ಗೇಟಿನ ಹತ್ತಿರ ಆ ಮನುಷ್ಯ ನಿದ್ದೆಗಣ್ಣು ಉಜ್ಜಿಕೊಳ್ಳುತ್ತಾ, ಕಾಲು ತೊಳೆಯುತ್ತಿದ್ದ ಮಗಳಿಗೆ ಕೈ ಬೀಸಿದರು. ನಾನು ಬಿಲ್ಲೆಗಳನ್ನು ಮೊದಲಿದ್ದ ಮೊಳೆಗೆ ಹಾಕಿದೆ. ಮಾಮ ಬಾಯಿ ಒರೆಸಿಕೊಳ್ಳುತ್ತಾ ಬಂದು, ಹಲಗೆ ನೋಡಿ ಒಂಬತ್ತು ಹೆಸರು ಬರೆದುಕೊಂಡು ಹೋದರು.

ಪಂದ್ಯ ಕೊನೆಗೆ ಸಮಸಮ ಬಂತು. ನಮ್ಮವರು ಓಡುವ ಸರದಿ, ಉಳಿದವಳು ಸೆಲ್ವಿ ಒಬ್ಬಳೇ. ಅವಳು ಔಟಾಗದೆ ಉಳಿದರೆ ಸಮ, ಸಿಕ್ಕಿದರೆ ಸೋಲು. ಪಾದ ನೋಡುವ ಕೆಲಸ ಅವತ್ತು ನನ್ನದು. "ಬಲಕ್ಕೆ! ಸೆಲ್ವಿ, ಬಲಕ್ಕೆ! ಕಂಬ ಹಿಡಿ!" ಅಂತ ಗಂಟಲು ಹರಿಯುವಂತೆ ಕೂಗಿದೆ. ಅವಳ ಅಪ್ಪ, "ಓಡು ಕಣ್ಣು, ಓಡು!" ಅಂತ ತಮಿಳಿನ ಮುದ್ದುಮಾತಿನಲ್ಲಿ ಕೂಗುತ್ತಾ ಗೆರೆಯ ಉದ್ದಕ್ಕೂ ತಾವೇ ಓಡುತ್ತಿದ್ದರು. ಅವಳು ಅಷ್ಟು ಹೊತ್ತು ನಿಲ್ಲುತ್ತಾಳೆ ಅಂತ ಯಾರೂ ಎಣಿಸಿರಲಿಲ್ಲ. ಸೀಟಿ ಇನ್ನೇನು ಊದಬೇಕು, ಅಷ್ಟರಲ್ಲಿ ಸಿಕ್ಕಿಬಿಟ್ಟಳು. ಒಂದೇ ಒಂದು ಅಂಕದಲ್ಲಿ ಸೋತೆವು. ಅವಳ ಅಪ್ಪನಿಗೆ ಸೋಲು ಗೆಲುವು ಯಾವುದೂ ಗೊತ್ತಾಗಲಿಲ್ಲ; ಮಗಳನ್ನು ತಬ್ಬಿಕೊಂಡು ಅವಳ ಬಿಳಿ ರವಿಕೆಗೆಲ್ಲ ಮಸಿ ಮಾಡಿದರು.

ನಿಜವಾದ ಪಂದ್ಯ ಭದ್ರಾವತಿ ಸ್ಟೇಷನ್ನಿನಲ್ಲಿ ಕಾದಿತ್ತು. ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ನಮ್ಮಪ್ಪ ಪ್ಲಾಟ್‌ಫಾರ್ಮಿನಲ್ಲೇ ಬಿಲ್ಲೆ ಮಾಮನನ್ನು ತಡೆದರು.

"ಏನ್ರೀ, ನನ್ನ ಮಗಳನ್ನ ಕೂರಿಸಿ ಕಪ್ ಕಳೆದು ಬಂದ್ರಾ? ನಿಮ್ಮ ಹಲಗೆ ತಗೊಂಡು ಒಲೆಗೆ ಹಾಕ್ರಿ! ಗೇಟ್ ಕಾಯೋರಿಗೆ ಆಟದ ಉಸಾಬರಿ ಯಾಕ್ರೀ?"

ಜನ ಸೇರಿದರು. ಮಾಮನ ಕೈಯಲ್ಲಿ ಹಲಗೆ. ಒಂದು ಮಾತು ಸಾಕಿತ್ತು: ನಿಮ್ಮ ಮಗಳು ಬೆಳಗ್ಗೆ ಏನು ಮಾಡಿದಳು ಕೇಳಿ ಯಜಮಾನ್ರೇ. ಅಷ್ಟು ಅಂದಿದ್ದರೆ ಅಪ್ಪ ಅಲ್ಲೇ ನನ್ನ ಚರ್ಮ ಸುಲಿಯುತ್ತಿದ್ದರು. ಮಾಮ, "ಹೌದು ಯಜಮಾನ್ರೇ. ಕೂರಿಸಿದ್ದು ನಾನೇ. ಸೋತದ್ದು ನನ್ನಿಂದಲೇ" ಅಂದರು. ನಾನು ಅಲ್ಲೇ ನಿಂತಿದ್ದೆ. ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ನನ್ನ ಬಾಯಿಗೆ ಅವತ್ತು ಬೀಗ ಬಿದ್ದಿತ್ತು.

ಮಾರನೇ ದಿನ ಕಾರ್ಖಾನೆಯ ಗೇಟಿಗೆ ಹೋಗಿ ಆ ಕಿಟಕಿಯ ಮುಂದೆ ಬಗ್ಗಿ ನಿಂತೆ. "ಮಾಮ, ನಾನು ಬಿಲ್ಲೆ..." ಅಂದೆ.

"ನಾನು ಹೆಸರು ಬರ್ಕೊಂಡಾಗ ಹಲಗೆ ಸರಿ ಇತ್ತಲ್ಲ," ಅಂದರು.

"ಅಪ್ಪನಿಗೆ ಹೇಳಲಾ?"

"ಅದು ನಿನ್ನ ಪಾಳಿ. ಯಾವಾಗ ಮಾಡ್ತೀಯೋ ನೀನೇ ನೋಡ್ಕೋ."

ಹೇಳಲಿಲ್ಲ. ಇವತ್ತು ನಾಳೆ ಅಂತ ಮುಂದೂಡಿದೆ. ಮಾಮ ನಮ್ಮ ಅಂಗಡಿಯ ಮುಂದೆ ಹಾದು ಹೋಗುವಾಗಲೆಲ್ಲ ಕೈ ಮುಗಿಯುತ್ತಿದ್ದರು. ಅಪ್ಪ ಮುಖ ತಿರುಗಿಸಿ ಬೆಲ್ಲದ ಅಚ್ಚು ಜೋಡಿಸುತ್ತಿದ್ದರು. ಅದನ್ನು ನೋಡಿ ನೋಡಿಯೂ ಸುಮ್ಮನಿದ್ದೆನಲ್ಲ, ಅದು ಬಿಲ್ಲೆ ಬದಲಾಯಿಸಿದ್ದಕ್ಕಿಂತ ದೊಡ್ಡ ತಪ್ಪು.

ಮುಂದೆ ನಾನು ನರ್ಸ್ ಆದೆ. ಮನೆಯಲ್ಲಿ ಅದಕ್ಕೆ ನಡೆದ ರಾಮಾಯಣ ಬೇರೆಯೇ ಇದೆ, ಇಲ್ಲಿ ಬೇಡ. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಕೆಲಸ. ಯಾರಿಗೆ ಯಾವ ಡ್ಯೂಟಿ ಅಂತ ಪಟ್ಟಿ ಬರೆಯುವ ಕೆಲಸವನ್ನು ಹಿರಿಯ ಸಿಸ್ಟರ್ ನನಗೇ ಒಪ್ಪಿಸಿದ್ದರು. ನಾನು ಸಾಲು ಎಳೆದು, ಪ್ರತಿ ವಾರ ಒಂದೊಂದು ಮೆಟ್ಟಿಲು ಇಳಿಸುತ್ತಿದ್ದೆ. ಎಲ್ಲಿ ಕಲಿತೆ ಅಂತ ಎಲ್ಲರೂ ಕೇಳುತ್ತಿದ್ದರು. ಖೋಖೋದಲ್ಲಿ ಅಂದರೆ ನಗುತ್ತಿದ್ದರು.

ಅದೇ ವಾರ್ಡಿಗೆ ಒಂದು ದಿನ ಬಿಲ್ಲೆ ಮಾಮ ಬಂದರು. ಶ್ವಾಸಕೋಶದ ಕಾಯಿಲೆ. ಸೊರಗಿ ಕಡ್ಡಿಯಾಗಿದ್ದರು, ಕತ್ತು ಮಾತ್ರ ಹಾಗೇ ವಾಲಿತ್ತು. ಗೋಡೆಯ ಮೇಲಿನ ನನ್ನ ಪಟ್ಟಿಯನ್ನು ಮಲಗಿದಲ್ಲಿಂದಲೇ ಓದಿ, "ಇಳಿಸಿದ್ದು ಸರಿಯಾಗಿದೆ" ಅಂದರು. ನನಗೆ ಅಳು ಬಂತು. ಆಚೆ ಹೋಗಿ ಅತ್ತು ಬಂದೆ.

ಹೊಸದಾಗಿ ಸೇರಿದ ಹುಡುಗಿಯೊಬ್ಬಳಿದ್ದಳು. ಸೂಜಿ ಹಿಡಿದರೆ ಅವಳಿಗೆ ಒಂದೇ ಸಲಕ್ಕೆ ನರ ಸಿಗುತ್ತಿರಲಿಲ್ಲ. ರೋಗಿಗಳು ಅವಳನ್ನು ಕಂಡರೆ ಹೊದಿಕೆ ಎಳೆದುಕೊಳ್ಳುತ್ತಿದ್ದರು. ಮಾಮನಿಗೆ ಚುಚ್ಚುವ ಸರದಿ ಪಟ್ಟಿಯ ಪ್ರಕಾರ ಅವಳದು. ನಾನು ಅವಳ ಕೈಯಿಂದ ತಟ್ಟೆ ಇಸಿದುಕೊಂಡು, "ನಿಮಗೆ ನಾನೇ ಕೊಡ್ತೀನಿ ಮಾಮ, ನೋವಾಗಲ್ಲ" ಅಂದೆ.

ಅವರು ನನ್ನನ್ನು ಕೆಳಗಿನಿಂದ ಮೇಲೆ, ಕಿಟಕಿಯೊಳಗಿಂದ ನೋಡುವ ಹಾಗೆಯೇ ನೋಡಿದರು. "ಏಳನೇ ನಂಬರು, ಮತ್ತೆ ಬಿಲ್ಲೆ ಬದಲಾಯಿಸಿದ್ಯಾ?"

ನಾನು ತಟ್ಟೆಯನ್ನು ಹುಡುಗಿಯ ಕೈಗೆ ವಾಪಸ್ ಕೊಟ್ಟೆ.

"ಹೋಗು, ಒಂದು ಲೋಟ ನೀರು ಕುಡ್ಕೊಂಡು ಬಾ," ಅಂದವರೇ ತೋಳನ್ನು ಆ ಹುಡುಗಿಯ ಕಡೆ ಚಾಚಿದರು. ನಾನು ಹೋಗಿ ನಿಜವಾಗಿಯೂ ನೀರು ಕುಡಿದು ಬಂದೆ. ಬರುವಷ್ಟರಲ್ಲಿ ಆಗಿತ್ತು. ಎರಡು ಸಲ ಚುಚ್ಚಬೇಕಾಯಿತಂತೆ. ಹುಡುಗಿ ಬೆವೆತಿದ್ದಳು, ಮಾಮ ಅವಳಿಗೆ, "ನಾಳೆ ಒಂದೇ ಸಲಕ್ಕೆ ಆಗತ್ತೆ ನೋಡು" ಅನ್ನುತ್ತಿದ್ದರು. ಆಯಿತು ಕೂಡ.

ಹತ್ತು ಹನ್ನೆರಡು ದಿನ ಕಳೆದು, ನನ್ನ ವಾರದ ರಜಾದಿನ, ಮಧ್ಯಾಹ್ನ ಅವರು ತೀರಿಕೊಂಡರು. ಹಿಂದಿನ ದಿನ ಬೇರೆಯವರ ಜೊತೆ ರಜಾ ಬದಲಾಯಿಸಿಕೊಳ್ಳುತ್ತೇನೆ ಅಂದಿದ್ದಕ್ಕೆ ಮಾಮ ಬಿಲ್ಕುಲ್ ಒಪ್ಪಿರಲಿಲ್ಲ. ಹತ್ತಿರ ಇದ್ದವಳು ಆ ಹೊಸ ಹುಡುಗಿಯೇ. ಯಾರಿಗೂ ಕಾಯದೆ ಎಲ್ಲವನ್ನೂ ಅವಳೇ ಸರಿಯಾಗಿ ಮಾಡಿದ್ದಳು.

ಸುದ್ದಿ ಸಿಕ್ಕಾಗ ನಾನು ಭದ್ರಾವತಿಯಲ್ಲಿ, ಅಪ್ಪನ ಅಂಗಡಿಯಲ್ಲಿದ್ದೆ. ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಹೊಂಗೆ ಮರ, ಏಳು, ಹನ್ನೊಂದು, ಮಡಕೆ, ಲೋಟ, ಪ್ಲಾಟ್‌ಫಾರ್ಮು, ಒಂದನ್ನೂ ಬಿಡಲಿಲ್ಲ. ಅಪ್ಪ ಬಯ್ಯಲಿಲ್ಲ. ತಕ್ಕಡಿಯಲ್ಲಿದ್ದ ಬೇಳೆಯನ್ನು ಮೆಲ್ಲಗೆ ಮೂಟೆಗೆ ಸುರಿದರು.

"ಇಷ್ಟು ವರ್ಷ ಆ ಮನುಷ್ಯ ನಂಗೆ ಕೈ ಮುಗಿದ್ರು, ನಾನು ಬೆಲ್ಲ ಜೋಡಿಸ್ತಿದ್ದೆ," ಅಂದರು. ಆಮೇಲೆ, "ಒಂದು ಲೋಟ ನೀರಿಗೆ ಹನ್ನೊಂದು ವರ್ಷ ತಗೊಂಡ್ಯಲ್ಲೇ ಮಾರಾಯ್ತಿ!"

ವ್ಯಾಪಾರದ ಹೊತ್ತಿನಲ್ಲಿ ಯಾವತ್ತೂ ಬಾಗಿಲು ಹಾಕದವರು ಅಂಗಡಿಗೆ ಬೀಗ ಜಡಿದರು. ಹೆಗಲ ಮೇಲೆ ಟವಲು ಹಾಕಿಕೊಂಡು, ಹೊಳೆಯಾಚೆ ಮಾಮನ ಮನೆಗೆ ಹೋಗುವ ಸೇತುವೆಯ ಕಡೆ ಹೊರಟರು. ಶಿವಮೊಗ್ಗದಿಂದ ದೇಹ ಬಂದು, ಸಂಜೆ ಬಿಲ್ಲೆ ಮಾಮನ ಚಟ್ಟ ಎತ್ತಿದಾಗ ಎಡಗಡೆ ಮುಂದಿನ ಹೆಗಲು ನಮ್ಮಪ್ಪನದು. ದಾರಿಯಲ್ಲಿ ಬೇರೆಯವರು ಬಂದು, ಸಾಕು, ಇನ್ನು ನಮ್ಮ ಪಾಳಿ, ಬಿಡಿ ಅಂದರು. ಅಪ್ಪ ಒಂದು ಸಲ ಹಿಂದೆ ತಿರುಗಿ ನನ್ನನ್ನು ನೋಡಿ, ಹೆಗಲು ಬಿಟ್ಟುಕೊಟ್ಟರು.