ಎಂಟನೇ ಬಾಟಲಿಯ ನೀರು

ಸೋಮವಾರ ಬೆಳಗಿನ ಐದೂವರೆ. ಜನ್ನಾಪುರದಿಂದಾಚೆ, ಊರವರು 'ಮಣ್ಣು ಫ್ಯಾಕ್ಟ್ರಿ' ಎನ್ನುವ ಪಾಳು ಕಾರ್ಖಾನೆಯ ಬೇಲಿಯೊಳಗೆ ಮಾಸ್ತಮ್ಮ ಡಬ್ಬಿ ಕಟ್ಟಿದ ಹಗ್ಗ ಇಳಿಬಿಡುತ್ತಿದ್ದಾರೆ. ಕೊಳವೆಬಾವಿಯ ಆಳದಲ್ಲಿ ಡಬ್ಬಿ ನೀರು ಮುಟ್ಟಿದ್ದು ಕೇಳುತ್ತದೆ, ಬೇರೆ ಸದ್ದಿಲ್ಲ. ಹುಲ್ಲು ಸೊಂಟದೆತ್ತರ ಬೆಳೆದಿದ್ದರೂ ದನ ಕಾಯುವವರು ಇತ್ತ ತಲೆಹಾಕುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದ, ವಿಕಿರಣ ಅಳೆಯುವ ಮೀಟರ್ ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತದೆ. ಮೂಲೆಯ ಹುಣಸೆಮರದ ಬುಡದಲ್ಲಿ ಮಾತ್ರ ಅದಕ್ಕೆ ಬಿಡುವಿಲ್ಲ. ಅಲ್ಲಿ ನೋಡಿದರೆ ಬರಿ ಮಣ್ಣು.

"ಹಾವಾದ್ರೆ ಬುಸ್ ಅನ್ನುತ್ತೆ, ಬೆಂಕಿಯಾದ್ರೆ ಹೊಗೆ ಬರುತ್ತೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ ಮಾರಾಯ್ರೆ," ಎನ್ನುತ್ತಾ ಬಾಟಲಿ ಎತ್ತಿ ತೋರಿಸುತ್ತಾರೆ. ನೀರು ತಿಳಿಯಾಗಿದೆ. ಬಾಯಾರಿದವರಿಗೆ ಆಸೆಯಾಗುವಷ್ಟು.

ಅಣು ಇಂಧನದ ಅದಿರು ಸಂಸ್ಕರಿಸುತ್ತಿದ್ದ ಈ ಕಾರ್ಖಾನೆಗೆ ಬೀಗ ಬಿದ್ದು ಇಪ್ಪತ್ತೆರಡು ವರ್ಷ. ಅದಿರು ತೊಳೆದ ನೀರು ಮಣ್ಣಿಗಿಳಿದು ಅಂತರ್ಜಲ ಸೇರಿದ್ದು ಗೊತ್ತಾದದ್ದು ಆಮೇಲೆ. ಉಂಡವರು ಕೈತೊಳೆದು ಎದ್ದುಹೋದರು. ಎಲೆ ಎತ್ತುವ ಪಾಳಿ ಮಾಸ್ತಮ್ಮನಂಥವರದು. ಐವತ್ತೆಂಟರ ಇವರು ಒಂಬತ್ತು ವರ್ಷದಿಂದ ವಾರಕ್ಕೊಮ್ಮೆ ಏಳು ಕೊಳವೆಬಾವಿಗಳಿಂದ ಏಳು ಬಾಟಲಿ ತುಂಬುತ್ತಾರೆ. ಎಂಟನೆಯದರಲ್ಲಿ ಹೋಲಿಸಿ ನೋಡಲು ಒಳ್ಳೆಯ ನೀರು, ಜನ್ನಾಪುರದ ನಲ್ಲಿಯದು. ಎಲ್ಲವನ್ನೂ ಬಸ್ಸಿನಲ್ಲಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ.

ಎರಡು ವರ್ಷದ ಹಿಂದಿನ ಒಂದು ಸೋಮವಾರ ನಲ್ಲಿ ಬರಲಿಲ್ಲ. ಮಾಸ್ತಮ್ಮ ಎಂಟನೇ ಬಾಟಲಿಯನ್ನು ತಮ್ಮ ಸಾಲುಮನೆಗಳ ಬಾವಿಯಲ್ಲಿ ತುಂಬಿಸಿದರು. "ನಮ್ಮ ಬಾವಿಗಿಂತ ಒಳ್ಳೆ ನೀರು ಎಲ್ಲಿದೆ ಅಂದ್ಕೊಂಡೆ." ಬಾಣಂತನಕ್ಕೆ ಬಂದಿದ್ದ ಮಗಳು ಭವಾನಿ ಆ ತಿಂಗಳಷ್ಟೇ ಅದೇ ಬಾವಿಗೆ ಅರಿಸಿನ ಕುಂಕುಮವಿಟ್ಟು ಗಂಗೆಪೂಜೆ ಮಾಡಿ, ಮೊದಲ ಬಿಂದಿಗೆ ಸೇದಿದ್ದಳು.

ಗುರುವಾರ ಪ್ರಯೋಗಾಲಯದ ಅತುಲ್ ಫೋನ್ ಮಾಡಿದರು. "ಅಕ್ಕಾ, ಎಂಟನೇದು ಮಿತಿ ಮೀರಿದೆ. ಬಾಟ್ಲಿ ಸರಿಯಾಗಿ ತೊಳೆದಿರ್ಲಿಲ್ವಾ? ಹಾಗಾದ್ರೆ ಲೆಕ್ಕಕ್ಕೆ ಹಿಡಿಯಲ್ಲ, ಬಿಟ್ಬಿಡ್ತೀನಿ."

ದೀಪದ ಬುಡದಲ್ಲೇ ಕತ್ತಲೆ. ತೊಳೆದಿರಲಿಲ್ಲ ಎಂದಿದ್ದರೆ ಬಾವಿ ಉಳಿಯುತ್ತಿತ್ತು. ಒಳಗೆ ಭವಾನಿ ಮಗು ಇಂಪನಾಗೆ ಎರೆಯುತ್ತಿದ್ದಳು. ತಲೆಯ ಮೇಲಿಂದ ನೀರು ಸುರಿಯುವುದು ಮಾಸ್ತಮ್ಮನಿಗೆ ಕೇಳುತ್ತಿತ್ತು. ಅದೂ ಅದೇ ಬಾವಿಯದು.

"ಮೂರು ಸಲ ತೊಳೆದಿದ್ದೆ ಸರ್. ಅದು ನಮ್ಮನೆ ಬಾವಿ ನೀರು," ಎಂದರು.

ಬಾವಿಗೆ ಕಬ್ಬಿಣದ ಮುಚ್ಚಳ ಬಿತ್ತು. ಹದಿನಾರು ಮನೆಗಳಿಗೆ ಈಗ ಟ್ಯಾಂಕರ್ ಗತಿ. "ನಿನ್ನ ಸತ್ಯದಿಂದ ನಮ್ಮ ಬಾವಿ ಹೋಯ್ತು," ಎಂದು ಪಕ್ಕದ ಮನೆಯ ಸುಬ್ಬಪ್ಪ ಇಂದಿಗೂ ಮುಖ ತಿರುಗಿಸುತ್ತಾರೆ. ಇಂಪನಾಗೆ ಆರು ತಿಂಗಳಿಗೊಮ್ಮೆ ತಪಾಸಣೆ. "ಸದ್ಯ ಏನೂ ಇಲ್ಲ ಅಂದಿದಾರೆ. ಆ 'ಸದ್ಯ' ಕೇಳಿದ್ರೆ ನಿದ್ದೆ ಬರಲ್ಲ."

ಈಗ ಬಾಟಲಿಗಳು ಒಂಬತ್ತು. ಮನೆಯ ಬಾವಿಯೂ ಪಟ್ಟಿ ಸೇರಿದೆ. ಮುಚ್ಚಳದ ಕಿಂಡಿಯಿಂದ ನೀರೆತ್ತಿ, ತಾರೀಕು ಬರೆದು, ಕೈಗವಸು ಕಳಚಿದ ಮೇಲೆ ಮಾಸ್ತಮ್ಮ ಮುಚ್ಚಳಕ್ಕೆ ಅರಿಸಿನ ಕುಂಕುಮ ಹಚ್ಚುತ್ತಾರೆ. ಕೆಟ್ಟ ನೀರಿಗೆ ಇನ್ನೂ ಯಾಕೆ ಪೂಜೆ?

"ಇವಳು ಮುಂದೆ ಬಾಣಂತಿಯಾದಾಗ ಇಲ್ಲೇ ಬಿಂದಿಗೆ ಸೇದ್ಬೇಕು ಅಂತ ಆಸೆ," ಎಂದು ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಳ್ಳುತ್ತಾರೆ. "ಗಂಗೆ ತಾಯಿ ಅಲ್ವಾ? ಕಾಯಿಲೆ ಬಿದ್ಲು ಅಂತ ತಾಯಿನ ಬಿಟ್ಬಿಡೋಕಾಗುತ್ತಾ? ವಾರಕ್ಕೊಮ್ಮೆ ಬಂದು ನೋಡ್ಕೊಂಡು ಹೋಗ್ತೀನಿ."