ದೋಣಿ ಅಕ್ಕ ಮತ್ತು ಹಾಳಾಗುವ ಬೇರಿಂಗು

ಹೊಳೆಯ ಈಚೆ ದಡದವರಿಗೂ ಆಚೆ ದಡದವರಿಗೂ ಆಕೆ ದೋಣಿ ಅಕ್ಕ. ಆಕೆಗಿಂತ ವಯಸ್ಸಾದವರೂ ಅಕ್ಕ ಅಂತಲೇ ಕರೆಯುತ್ತಾರೆ, ಆಕೆ ಬೇಡ ಅನ್ನುವುದಿಲ್ಲ. ಅಪ್ಪನಿಂದ ದೋಣಿ ಕೈಗೆ ಬಂದಾಗ ಮನೆಯಲ್ಲಿ ಗಂಡಸರಿಗೇನೂ ಬರ ಇರಲಿಲ್ಲ. ಒಬ್ಬ ಗಂಡ, ಟೈಲರು. ಬಕೆಟ್ಟಿಗಿಂತ ಆಳದ ನೀರು ಕಂಡರೆ ದೂರ ಸರಿದು ನಿಲ್ಲುತ್ತಾನೆ. ಇನ್ನೊಬ್ಬ ತಮ್ಮ, ಜೀಪು ಇಟ್ಟವನು; ಅವನಿಗೆ ನೀರಿನ ಭಯ ಇಲ್ಲ, ಆದರೆ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ. ಚಿಲ್ಲರೆ ವಿಷಯಕ್ಕೆ ಜಗಳ ತೆಗೆದು ಜನರನ್ನು ನಡುಹೊಳೆಯಲ್ಲಿ ಇಳಿಸಿಬಿಟ್ಟಾನು ಅಂತ ಅಪ್ಪನಿಗೇ ಅನುಮಾನ. ಹಾಗಾಗಿ ಎಂಜಿನ್ನಿನ ಹಗ್ಗ ಮಗಳ ಕೈಗೆ ಬಂತು. ಬಂದದ್ದನ್ನು ಆಕೆ ಮತ್ತೆ ಬಿಡಲಿಲ್ಲ.

ಅವರ ಮನೆ ಹೊಳೆಯ ಹತ್ತಿರ ಇಲ್ಲ. ಪೇಟೆಯ ಆಚೆ ಕೊನೆಯಲ್ಲಿ, ಟೈಲರ್ ಅಂಗಡಿಯ ಹಿಂದಿನ ಎರಡು ಕೋಣೆ. ದೋಣಿಕಟ್ಟೆಯಲ್ಲಿ ರಾತ್ರಿ ದೋಣಿ ಬಿಡುವ ಹಾಗಿಲ್ಲ. ಹತ್ತಿರದ ಸಮುದ್ರದ ನೀರು ಹೊಳೆಗೆ ಏರಿ ಬಂದಾಗ ದೋಣಿ ಕಲ್ಲಿಗೆ ಬಡಿದು ತಳ ಸೀಳುತ್ತದೆ. ಅದಕ್ಕೇ ಸಂಜೆಯಾದರೆ ದೋಣಿಯನ್ನು ಎರಡು ಚಕ್ರದ ಟ್ರೇಲರ್ ಮೇಲೆ ಎಳೆದು, ತಮ್ಮನ ಜೀಪಿಗೆ ಕಟ್ಟಿ ಮನೆಗೆ ತರುವುದು. ಬೆಳಿಗ್ಗೆ ಮತ್ತೆ ಅದೇ ಹಳ್ಳಕೊಳ್ಳದ ದಾರಿ. ಕಟ್ಟೆಯ ಇಳಿಜಾರಿನಲ್ಲಿ ಜೀಪು ಹಿಂದಕ್ಕೆ ಬಿಟ್ಟು, ಟ್ರೇಲರ್ ಚಕ್ರ ಮುಳುಗುವ ತನಕ ನೀರಿಗಿಳಿಸಿದರೆ ದೋಣಿ ತಾನಾಗಿ ತೇಲುತ್ತದೆ.

ಆ ಟ್ರೇಲರ್ ಆ ವರ್ಷ ಮನೆಯವರ ಪ್ರಾಣ ತಿಂದಿತು. ಚಕ್ರದ ನಡುವೆ ಡಬ್ಬಿಯ ಹಾಗೆ ಒಂದು ಕಬ್ಬಿಣ, ಅದಕ್ಕೆ ಹಬ್ ಅನ್ನುತ್ತಾರೆ. ಅದರೊಳಗೆ ಗ್ರೀಸಿನಲ್ಲಿ ಅದ್ದಿದ ಬೇರಿಂಗು. ಆ ಬೇರಿಂಗು ಹಾಕಿದಷ್ಟೇ ಬೇಗ ತುಕ್ಕು ಹಿಡಿದು, ಕಿರುಗುಟ್ಟಿ, ಕೊನೆಗೆ ಚಕ್ರವನ್ನೇ ಕಚ್ಚಿ ನಿಲ್ಲಿಸುತ್ತಿತ್ತು. ಒಂದು ಸಲ ಬೇಕರಿಯ ಎದುರು ನಿಂತಿತು. ಇನ್ನೊಂದು ಸಲ ಕಟ್ಟೆಗಿಂತ ಮುಂಚಿನ ತಿರುವಿನಲ್ಲಿ ಹೊಗೆ ಎದ್ದು, ಚಕ್ರವೇ ಕಳಚಿ ಚರಂಡಿಗೆ ಹೋಯಿತು. ದೋಣಿ ಪಕ್ಕಕ್ಕೆ ವಾಲಿ ರಸ್ತೆ ಮೇಲೆ ಕೂತಿತು. ಆ ಎರಡೂ ದಿನ ಬೆಳಗಿನ ಮೊದಲ ಸರದಿ ತಪ್ಪಿತು.

ಮೊದಲ ಸರದಿ ಅಂದರೆ ಸಾಮಾನ್ಯ ಸರದಿ ಅಲ್ಲ. ಆಚೆ ದಡದ ಆಸ್ಪತ್ರೆಯ ನರ್ಸುಗಳು, ಶಾಲೆಯ ಟೀಚರುಗಳು, ಬ್ರೆಡ್ಡಿನ ಬುಟ್ಟಿಯವನು, ಎಲ್ಲ ಹೊಳೆ ದಾಟುವುದು ಅದರಲ್ಲೇ. ದಿನದ ದುಡಿಮೆಯ ಅರ್ಧ ಅದರಲ್ಲೇ. ಅದು ಅಪ್ಪನ ಕಾಲದಿಂದ ಈ ದೋಣಿಯದು. ಎರಡನೇ ಸಲ ತಪ್ಪಿದಾಗ ಕಟ್ಟೆಯ ಮೇಲ್ವಿಚಾರಕರು ಆಕೆಯನ್ನು ಕರೆದರು.

"ನೋಡಮ್ಮ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ನರ್ಸುಗಳು ನನ್ನ ತಲೆ ತಿಂತಿದಾರೆ. ಸೋಮವಾರ ಬೆಳಗಿನ ಗಂಟೆ ಹೊಡೆಯೋವಾಗ ನಿನ್ನ ದೋಣಿ ನೀರಲ್ಲಿರ್ಬೇಕು. ಇಲ್ದಿದ್ರೆ ಮೊದಲ ಸರದಿ ಮೀಸೆಗೆ ಕೊಡ್ತೀನಿ, ಕಾಯಂ ಆಗಿ."

ಮೀಸೆ ಅಂದರೆ ಇನ್ನೊಬ್ಬ ದೋಣಿಯವನು. ಮನೆ ಕಟ್ಟೆಯ ಪಕ್ಕದಲ್ಲೇ. ಅವನು ಅಲ್ಲೇ ನಿಂತು ಮೀಸೆ ಸವರುತ್ತಿದ್ದ. "ಬಿಡಕ್ಕಾ, ಸ್ವಲ್ಪ ದಿನ ಮನೇಲಿದ್ದು ಭಾವಂಗೆ ಗುಂಡಿ ಹೊಲಿದುಕೊಡು," ಅಂದ.

"ಮೊದ್ಲು ನಿನ್ನ ಅಂಗೀದು ಹೊಲಿತೀನಿ, ಹೊಟ್ಟೆ ಹತ್ರ ಎರಡು ಹಾರಿ ಹೋಗಿವೆ," ಅಂದು ಆಕೆ ಮೆಟ್ಟಿಲು ಹತ್ತಿದಳು. ಹತ್ತುವಾಗಲೇ ನಿರ್ಧಾರ ಆಗಿತ್ತು. ಈ ಸಲ ಸಾಮಾನು ತರುವುದು ತಾನೇ, ಕೂರಿಸುವುದೂ ತಾನೇ.

ಶುಕ್ರವಾರ ಬಿಡಿಭಾಗಗಳ ಅಂಗಡಿಗೆ ಹೋದಳು. ತಮ್ಮ ಜೊತೆಗೆ ಬಂದ. ಬರಬೇಡ ಅಂದಿದ್ದರೂ ಬರುತ್ತಿದ್ದ. ಅಂಗಡಿಯವರು ಕನ್ನಡಕವನ್ನು ಹಣೆ ಮೇಲಿಟ್ಟುಕೊಂಡು ಅದನ್ನೇ ಹುಡುಕುವ ಮನುಷ್ಯ. ತಮ್ಮ ಒಳಗೆ ಕಾಲಿಟ್ಟವನೇ ಗೋಡೆಯಲ್ಲಿ ತೂಗುಹಾಕಿದ ಹೊಳೆಯುವ ಸಾಮಾನಿನ ಕಡೆ ಹೋದ. ಬೆಳ್ಳಿ ಬಣ್ಣದ ಹಬ್ ಮುಚ್ಚಳ, ಮಿಣುಕುವ ಕೆಂಪು ದೀಪ, ಲಾರಿಗೆ ಹಾಕುವಂಥ ಸರಪಳಿ.

"ಅಕ್ಕಾ, ಇದು ಹಾಕಿದ್ರೆ ಮೀಸೆ ಮಂಗ ಆಗ್ತಾನೆ."

"ಅವನು ಈಗಲೇ ಮಂಗ. ಅದಕ್ಕೆ ನಾವ್ಯಾಕೆ ಖರ್ಚು ಮಾಡ್ಬೇಕು? ಇಡು ಅದನ್ನ."

ಆಕೆ ಗಂಡನ ಅಂಗಡಿಯ ಚಿಂದಿಯಲ್ಲಿ ಸುತ್ತಿ ತಂದಿದ್ದ ಹಳೆಯ ಬೇರಿಂಗುಗಳನ್ನು ಕೌಂಟರ್ ಮೇಲೆ ಬಿಚ್ಚಿಟ್ಟಳು. ಅದಕ್ಕೆ ಮೆತ್ತಿದ್ದ ಗ್ರೀಸು ನೀಲಿ ಇರಬೇಕಾದದ್ದು ನೀರುಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು.

"ನೀವು ಕೊಟ್ಟಿದ್ದೇ ಇದು. ಹೋದ ಸಲ ಒಳ್ಳೇದು ಅಂದ್ರಿ. ಅದರ ಹಿಂದಿನ ಸಲ ಬಹಳ ಒಳ್ಳೇದು ಅಂದ್ರಿ."

"ಈ ಸಲ ಇನ್ನೂ ಒಳ್ಳೇದಿದೆ ಅಕ್ಕಾ."

ತಮ್ಮ ಕೌಂಟರ್ ಗುದ್ದಿದ. "ಡೂಪ್ಲಿಕೇಟ್ ಮಾಲು ಕೊಟ್ಟು ಹಲ್ಲು ಕಿಸಿತೀರಾ?"

"ನೀನು ಸುಮ್ನಿರೋ," ಅಂದು ಆಕೆ ಅಂಗಡಿಯವರ ಕಡೆ ತಿರುಗಿದಳು. "ಬೇರಿಂಗಿನ ತಪ್ಪೋ, ನೀರಿನ ತಪ್ಪೋ, ಅದು ಹೇಳಿ."

ಅವರು ಕನ್ನಡಕ ಹಣೆಯಿಂದಿಳಿಸಿ ನೋಡಿದರು. "ನೀರು ಒಳಗೆ ಹೋಗಿದೆ ಅಕ್ಕಾ. ಅದು ಉಪ್ಪುನೀರು ಬೇರೆ. ನೀರಿಗಿಳಿಸೋ ಗಾಡಿ ಅಂದ್ಮೇಲೆ ಹೋಗದೆ ಇರುತ್ತಾ?"

"ಮೀಸೆ ಗಾಡೀನೂ ಇಳಿಯುತ್ತೆ. ಅವನು ಕೊನೇ ಸಲ ಬೇರಿಂಗು ಯಾವಾಗ ತಗೊಂಡ?"

ಅಂಗಡಿಯವರು ತಲೆ ಕೆರೆದುಕೊಂಡರು. "ತಗೊಂಡಿದ್ದೇ ನೆನಪಿಲ್ಲ."

ಆ ಮಾತು ಆಕೆಯ ತಲೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಆದರೂ ಬೇಕಾದದ್ದನ್ನು ಒಂದೊಂದಾಗಿ ಆರಿಸಿದಳು. ಬೇರಿಂಗನ್ನು ಹಳೆಯದರ ಪಕ್ಕ ಇಟ್ಟು, ಒಳಬಾಯಿ ಹೊರಬಾಯಿ ಎರಡನ್ನೂ ಬೆರಳಿನಿಂದ ಅಳೆದು ತೆಗೆದುಕೊಂಡಳು. ಹಬ್ಬಿನ ಹಿಂಬಾಯಿಗೆ ಕೂರಿಸುವ, ನೀರು ತಡೆಯುವ ರಬ್ಬರ್ ಸೀಲಿನಲ್ಲಿ ಒಂದೇ ತುಟಿಯದನ್ನು ಬಿಟ್ಟು ಎರಡು ತುಟಿಯದನ್ನು ಹಿಡಿದಳು. ದೋಣಿಯ ತಳ ಉರುಳುವ ರೋಲರುಗಳಲ್ಲಿ ಕರಿ ರಬ್ಬರಿನದು ತಳಕ್ಕೆ ಮಸಿ ಬಳಿಯುತ್ತದೆ ಅಂತ ಬಿಟ್ಟು ಹಳದಿಯದನ್ನು ತೆಗೆದುಕೊಂಡಳು. ದೋಣಿ ಎಳೆಯುವ ರಾಟೆಗೆ ತಂತಿ ಹಗ್ಗದ ಬದಲು ನೇಯ್ದ ಪಟ್ಟಿ ಕೇಳಿದಳು. ತಂತಿಯ ಎಳೆ ಎದ್ದು ಅಂಗೈ ಸೀಳಿದ ಗುರುತು ಇನ್ನೂ ಮಾಸಿರಲಿಲ್ಲ. ಪಟ್ಟಿಯ ಹೊಲಿಗೆಯನ್ನು ಮಾತ್ರ ಟೈಲರ್ ಹೆಂಡತಿ ನೋಡುವ ಹಾಗೆ ನೋಡಿದಳು, ಉಗುರಿನಿಂದ ಕೆದಕಿ, ಎರಡು ಪಟ್ಟಿ ವಾಪಸ್ ಮಾಡಿದಳು.

"ಸೀರೆ ಆರಿಸೋರೂ ಇಷ್ಟು ಹೊತ್ತು ಮಾಡಲ್ಲಕ್ಕಾ," ಅಂದರು ಅಂಗಡಿಯವರು.

"ಸೀರೆ ಹರಿದ್ರೆ ನಡು ರಸ್ತೇಲಿ ದೋಣಿ ಬೀಳಲ್ಲ."

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ಸ್ಟೀಲಿನ ಡಬ್ಬಿ ಹಿಡಿದು ಒದ್ದಾಡುತ್ತಿದ್ದ. ಆಕೆ ಸಾರು ಕುದಿಯುತ್ತಿದ್ದ ಹಾಗೇ ಡಬ್ಬಿಗೆ ಸುರಿದು, ಗಟ್ಟಿಯಾಗಿ ಮುಚ್ಚಳ ಒತ್ತಿ, ಬೇಗ ಆರಲಿ ಅಂತ ನೀರಿನ ತಟ್ಟೆಯಲ್ಲಿಟ್ಟಿದ್ದಳು. ಈಗ ಮುಚ್ಚಳ ಜಪ್ಪಯ್ಯ ಅಂದರೂ ಬರುತ್ತಿಲ್ಲ.

"ಏನೇ ಇದು, ಬೆಸುಗೆ ಹಾಕಿದ್ದೀಯಾ?"

"ಬಿಸೀಲಿ ಮುಚ್ಚಿದ್ದೆ, ಆರಿ ಒಳಕ್ಕೆ ಎಳ್ಕೊಂಡಿದೆ. ಅಂಚಲ್ಲಿ ಚಮಚ ತೂರಿಸಿ, ಬರುತ್ತೆ."

ಅವನು ಚಮಚ ತೂರಿಸಿದ. ಪುಸ್ ಅಂತ ಗಾಳಿ ಒಳಗೆ ನುಗ್ಗಿತು, ಮುಚ್ಚಳದ ಅಂಚಿನಲ್ಲಿ ನಿಂತಿದ್ದ ನೀರೂ ಅದರ ಜೊತೆಗೇ ಸಾರಿಗೆ ಹೋಯಿತು. ಆಕೆ ಕೈಯಲ್ಲಿನ ತುತ್ತು ತಟ್ಟೆಗೆ ಬಿಟ್ಟಳು.

"ಏನಾಯ್ತು? ಉಪ್ಪು ಜಾಸ್ತಿಯಾ?"

"ಅಲ್ಲ ರೀ. ಹಬ್ಬೂ ಮುಚ್ಚಿದ ಡಬ್ಬಿ ತಾನೇ?"

ಆಕೆಗೆ ಒಂದರ ಹಿಂದೆ ಒಂದು ಹೊಳೆಯಿತು. ಇಷ್ಟುದ್ದ ದಾರಿ ಓಡಿದ ಹಬ್ ಕೈ ಇಡಲಾಗದಷ್ಟು ಕಾದಿರುತ್ತದೆ. ತಮ್ಮ ಒಂದು ನಿಮಿಷ ನಿಲ್ಲುವವನಲ್ಲ, ಬಂದ ಬಿರುಸಿನಲ್ಲೇ ನೀರಿಗಿಳಿಸುತ್ತಾನೆ. ತಣ್ಣೀರಲ್ಲಿ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ಹೊಳೆಯನ್ನೇ ಹೀರುತ್ತದೆ. ಮೀಸೆಯ ಗಾಡಿ ಅಂಗಳದಿಂದ ನೀರಿಗೆ ನಾಲ್ಕು ಮಾರು ಉರುಳುತ್ತದೆ, ಬಿಸಿಯಾಗುವುದೇ ಇಲ್ಲ. ಹೊಸ ಸೀಲು ಎಷ್ಟೇ ಒಳ್ಳೆಯದಾದರೂ ಬಿಸಿಯಲ್ಲಿ ಮುಳುಗಿಸಿದರೆ ಅದೇ ಕತೆ.

ಸಾಯಂಕಾಲ ಟ್ರೇಲರ್ ಇಟ್ಟಿಗೆ ಮೇಲೇರಿಸಿ ಬೇರಿಂಗು ಕೂರಿಸಿದರು. ಗ್ರೀಸನ್ನು ಅಂಗೈಯಲ್ಲಿ ತುಂಬಿ ಬೇರಿಂಗಿನ ಸಂದಿಸಂದಿಗೆ ಒತ್ತಿದ್ದು ಆಕೆ. ಕೊನೆಯ ನಟ್ಟಿಗೆ ತಮ್ಮ ಪಾನಾ ಹಾಕಿ, ಹಲ್ಲು ಕಚ್ಚಿ, ಮೈಯ ಭಾರವೆಲ್ಲ ಬಿಟ್ಟು ತಿರುಗಿಸಿದ. ಆಕೆ ಚಕ್ರ ತಳ್ಳಿ ನೋಡಿದಳು. ಅದು ಗೊಣಗುತ್ತಾ ಅರ್ಧ ಸುತ್ತು ತಿರುಗಿ ನಿಂತಿತು.

"ಸಡಿಲ ಮಾಡು."

"ಚಕ್ರ ಕಳಚಿ ಬಿದ್ದಿದ್ದು ಮರೆತುಹೋಯ್ತಾ? ಬಿಗಿ ಇರ್ಬೇಕಕ್ಕಾ."

"ಇಷ್ಟು ಬಿಗಿ ಹಾಕ್ತೀಯಲ್ಲ, ಅದಕ್ಕೇ ಅದು ಕಾಯೋದು. ಕಾದಿದ್ದನ್ನ ಹಾಗೇ ನೀರಿಗೆ ಹಾಕ್ತೀಯ, ಅದಕ್ಕೇ ತುಕ್ಕು. ತುಕ್ಕು ಹಿಡಿದು ಕಳಚಿದ್ದೇ ಹೊರತು ಸಡಿಲ ಆಗಿ ಅಲ್ಲ."

"ಅಂದ್ರೆ ಎಲ್ಲಾ ನನ್ನ ತಪ್ಪು."

"ಎಲ್ಲಾ ಅಂದ್ನಾ? ಮುಕ್ಕಾಲು."

ತಮ್ಮ ಪಾನಾ ಎಸೆದು ಜೀಪು ಹತ್ತಿ ಹೋದ. ಆಕೆ ಪಾನಾ ಎತ್ತಿಕೊಂಡು ನಟ್ಟನ್ನು ಸ್ವಲ್ಪ ಬಿಟ್ಟಳು. ಚಕ್ರ ಅಲ್ಲಾಡಬಾರದು, ಆದರೆ ಒಂದು ಬೆರಳಿಗೆ ತಿರುಗಬೇಕು. ತಿರುಗಿತು. ನಟ್ಟು ಜಾರದಂತೆ ಪಿನ್ನು ಚುಚ್ಚಿ, ತುದಿ ಮಡಚಿದಳು. "ಜೀಪೇ ಹೋಯ್ತಲ್ಲೇ," ಅಂದ ಗಂಡ. "ಹಸಿವಾದ್ರೆ ಬರ್ತಾನೆ ಬಿಡಿ," ಅಂದಳು. ಅವನು ಬಂದ. ಬಡಿಸಿದ್ದನ್ನು ತಿಂದ.

ಸೋಮವಾರ ಬೆಳಕು ಹರಿಯುವ ಮುಂಚೆಯೇ ಹೊರಟರು. ಆದರೆ ಬೇಕರಿಯ ಹತ್ತಿರ ಒಂದು ಲಾರಿ ದಾರಿಗೆ ಅಡ್ಡ ನಿಂತಿತ್ತು. ತಮ್ಮ ಇಳಿದು ಲಾರಿಯವನ ಜೊತೆ ಹೊಯ್‌ಕೈ ಆಗುವಷ್ಟು ಜಗಳಾಡಿ, ಉಳಿಸಿಕೊಂಡಿದ್ದ ಹೊತ್ತನ್ನೆಲ್ಲ ಅಲ್ಲೇ ಕಳೆದ. ಆಮೇಲೆ ಅದನ್ನು ತುಂಬಿಕೊಳ್ಳಲು ಜೀಪನ್ನು ಹಳ್ಳ ದಿಣ್ಣೆ ನೋಡದೆ ಓಡಿಸಿದ. ಕಟ್ಟೆ ತಲುಪಿದಾಗ ನರ್ಸುಗಳು ಸಾಲಾಗಿ ನಿಂತಿದ್ದರು. ಮೀಸೆ ತನ್ನ ದೋಣಿಯಲ್ಲಿ ಎಂಜಿನ್ ಚಾಲೂ ಮಾಡಿಕೊಂಡು ಕೂತಿದ್ದ. ಮೇಲ್ವಿಚಾರಕರು ಗಂಟೆಯ ಹಗ್ಗದ ಹತ್ತಿರ ಗಡಿಯಾರ ನೋಡುತ್ತಿದ್ದರು.

ತಮ್ಮ ಜೀಪನ್ನು ಹಿಂದಕ್ಕೆ ತಿರುಗಿಸಿದ. ಆಕೆ ಚಕ್ರಕ್ಕೂ ನೀರಿಗೂ ನಡುವೆ ಹೋಗಿ ನಿಂತಳು.

"ಸರಿಯಕ್ಕಾ, ಗಂಟೆ ಹೊಡಿತಾರೆ."

ಆಕೆ ಹಬ್ ಮುಟ್ಟಿದಳು. ಮೊದಲಿನಷ್ಟಿಲ್ಲ, ಆದರೂ ಬೆಚ್ಚಗಿದೆ. "ಇನ್ನೂ ಬಿಸಿ ಇದೆ. ಇಳಿಸ್ಬೇಡ."

"ಇವತ್ತೊಂದು ದಿನ. ಸರದಿ ಹೋದ್ಮೇಲೆ ಬೇರಿಂಗು ಇಟ್ಕೊಂಡು ಏನ್ ಮಾಡ್ತೀಯ?"

"ಇವತ್ತು ಇಳಿಸಿದ್ರೆ ಮುಂದಿನ ತಿಂಗ್ಳು ಮತ್ತೆ ಚರಂಡೀಲಿರ್ತೀವಿ. ಆಗ್ಲೂ ಸರದಿ ಹೋಗುತ್ತೆ. ಇಳಿದು ಬಾ."

ಆಕೆ ಚೀಲದಿಂದ ಗಂಡನ ಅಂಗಡಿಯ ಚಿಂದಿ ತೆಗೆದಳು. ಮನೆಯಿಂದಲೇ ನೆನೆಸಿ ತಂದಿದ್ದಳು. ಒಂದು ಮುದ್ದೆ ತಮ್ಮನ ಕೈಗೆ ಹಾಕಿ, ಆ ಕಡೆಯ ಚಕ್ರ ತೋರಿಸಿದಳು. ಅವನು ಒಮ್ಮೆ ಆಕೆಯ ಮುಖ ನೋಡಿದ, ಒಮ್ಮೆ ಗಂಟೆಯ ಹಗ್ಗ ನೋಡಿದ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಒದ್ದೆ ಬಟ್ಟೆಯನ್ನು ಹಬ್ಬಿಗೆ ಒತ್ತಿದ. ಮುಳುಗುವ ಮುಂಚೆಯೇ ಹಬ್ ತಣಿದರೆ ಗಾಳಿ ಹೀರುತ್ತದೆ, ನೀರಲ್ಲ. ಅಷ್ಟು ಆಕೆ ಸಾರಿನ ಡಬ್ಬಿಯಿಂದ ಕಲಿತಿದ್ದಳು.

"ಏನಕ್ಕಾ, ಮಗೂಗೆ ಜ್ವರನಾ?" ಅಂತ ಮೀಸೆ ದೋಣಿಯಿಂದಲೇ ಕೂಗಿದ. ಸಾಲಿನಲ್ಲಿದ್ದವರೆಲ್ಲ ನಕ್ಕರು.

"ಹೌದು," ಅಂದಳು ಒಬ್ಬ ನರ್ಸು, ಸಾಲು ಬಿಟ್ಟು ಕೆಳಗೆ ಬಂದು. "ಬಟ್ಟೆ ಬೇಗ ಬೇಗ ಬದಲಾಯಿಸ್ಬೇಕು, ಕಾದಿದ್ದನ್ನೇ ಒತ್ತಿದ್ರೆ ಇಳಿಯಲ್ಲ." ತಾನೇ ಒಂದು ಚಿಂದಿ ಹೊಳೆಯಲ್ಲಿ ಅದ್ದಿ ಹಿಂಡಿ ತಮ್ಮನ ಕೈಗಿಟ್ಟಳು. ಅವನು ಬೈಯಲಿಲ್ಲ. ಬಟ್ಟೆ ತೆಗೆದ, ಹಾಕಿದ, ತೆಗೆದ, ಹಾಕಿದ. ಮೇಲ್ವಿಚಾರಕರ ಕೈ ಹಗ್ಗಕ್ಕೆ ಹೋಯಿತು. ತಮ್ಮ ತಲೆ ಎತ್ತಿದ.

"ಆರಿತು ಅಕ್ಕಾ."

"ಹಿಂಗೈಯಲ್ಲಿ ನೋಡು."

"ನೋಡಿದೆ. ಆರಿದೆ."

ಜೀಪು ಹಿಂದಕ್ಕೆ ಸರಿಯಿತು. ಚಕ್ರ ಸದ್ದಿಲ್ಲದೆ ಉರುಳಿ ನೀರಿಗಿಳಿಯಿತು. ದೋಣಿ ಹೊಸ ರೋಲರುಗಳ ಮೇಲಿಂದ ಜಾರಿ ತೇಲಿದಾಗ ಗಂಟೆ ಹೊಡೆಯಿತು. ಮೇಲ್ವಿಚಾರಕರು ಒಂದು ಕ್ಷಣ ಹೊಳೆ ನೋಡಿ, "ನೀರಲ್ಲಿದೆ," ಅಂದು ಹಗ್ಗ ಬಿಟ್ಟರು. ಮೀಸೆ ಎಂಜಿನ್ ಆರಿಸಿದ.

ಮುಂದಿನ ತಿಂಗಳು ಆಕೆ ಹಬ್ಬಿನ ಮುಚ್ಚಳ ಬಿಚ್ಚಿದಳು, ಬೇರಿಂಗು ಹೊರಗೆಳೆದು ಕಿರುಬೆರಳಲ್ಲಿ ಒಳಗಿನ ಗ್ರೀಸು ತೆಗೆದಳು. ಹಾಕಿದ ದಿನದ ನೀಲಿ ಹಾಗೇ ಇತ್ತು. ತಮ್ಮ ಬಗ್ಗಿ ನೋಡಿದ, ಆಕೆಯ ಬೆರಳು ಹಿಡಿದು ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ನೋಡಿದ. ಆಕೆ ಬೆರಳನ್ನು ಅವನ ಅಂಗಿಗೇ ಒರೆಸಿ ಮುಚ್ಚಳ ಹಾಕಿದಳು.

ಮೊದಲ ಸರದಿ ಇವತ್ತಿಗೂ ಆಕೆಯದೇ. ಈಗ ಅವರು ಬೇಗ ಹೊರಡುತ್ತಾರೆ. ಕಟ್ಟೆಯಲ್ಲಿ ಆಕೆ ಅವಸರ ಮಾಡಿದರೂ ತಮ್ಮ ಜೀಪಿನಿಂದಿಳಿದು, ಎರಡೂ ಹಬ್ಬಿಗೆ ಹಿಂಗೈ ಇಟ್ಟು ನೋಡದೆ ಟ್ರೇಲರನ್ನು ನೀರಿಗೆ ಬಿಡುವುದಿಲ್ಲ. ಬೇಗ ಬಿಡೋ ಅಂದರೆ ಆಕೆಯ ಮೇಲೇ ರೇಗುತ್ತಾನೆ.